ಎರಡನೆಯ ಎಣಿಕೆ

ಹಿಂದಿನ ರಾತ್ರಿ ತೀರಿಕೊಂಡ ಮೇಷ್ಟ್ರ ಎದೆಯ ಮೇಲೆ ಹೂವಿಡಲು ಬಾಗಿದ್ದಾಗಲೇ ಅವಳ ಚೀಲದೊಳಗೆ ಫೋನು ನಡುಗಿತು. ಅವಳೂ ನಡುಗಿದಳು. ಹೂವು ಜಾರಿ ಮಂಚದಂಚಿಗೆ ಬಿತ್ತು. ಹಿಂದೆ ನಿಂತಿದ್ದವರು ದುಃಖವೆಂದುಕೊಂಡು ದಾರಿ ಬಿಟ್ಟರು.

ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡು ನೋಡಿದಳು. ಸಂದೇಶ ಆಸ್ಪತ್ರೆಯ ವಾರ್ಡಿನದು: 'ಮೂರನೇ ಹಾಸಿಗೆಯವರ ಬಲಪಾದ ನಿನ್ನೆಗಿಂತ ಸೋತಿದೆ. ಮೇಲಕ್ಕೆತ್ತಲು ಆಗುತ್ತಿಲ್ಲ. ಕಾಲುನೋವು ಆಪರೇಷನ್‌ಗೆ ಮುಂಚೆ ಇದ್ದ ಹಾಗೇ ಇದೆ. ನೀವು ಕೇಳಿದ ಪೂರ್ತಿ ಬೆನ್ನಿನ ಎಕ್ಸ್‌ರೇ ಕಳಿಸಿದ್ದೇವೆ.'

ಚಿತ್ರವನ್ನು ಹಿಗ್ಗಿಸಿ, ಕೊನೆಯ ಪಕ್ಕೆಲುಬಿನಿಂದ ಕೆಳಕ್ಕೆ ಎಣಿಸಿದಳು. ಸೊಂಟದಲ್ಲಿ ಐದು ಮೂಳೆ ಇರಬೇಕು. ಆರು ಬಂತು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದಳು. ಆರೇ.

ನೂರರಲ್ಲಿ ಕೆಲವರಿಗೆ ಹೀಗೊಂದು ಮೂಳೆ ಹೆಚ್ಚಿರುತ್ತದೆ. ಅದರಿಂದ ಸಾಮಾನ್ಯವಾಗಿ ಅವರಿಗೇನೂ ತೊಂದರೆಯಿಲ್ಲ, ತೊಂದರೆಯೆಲ್ಲ ಎಣಿಸುವವರಿಗೆ. ಮೇಲಿನಿಂದ ಬಂದರೆ ಒಂದು ಲೆಕ್ಕ, ಕೆಳಗಿನಿಂದ ಹೋದರೆ ಇನ್ನೊಂದು. ಸ್ಕ್ಯಾನಿನ ವರದಿ ಮೇಲಿನಿಂದ ಎಣಿಸಿತ್ತು. ಮೊನ್ನೆ ಆಪರೇಷನ್‌ನಲ್ಲಿ ಅವಳು ಕೆಳಗಿನಿಂದ ಮಾತ್ರ ಎಣಿಸಿದ್ದಳು. ನರವನ್ನು ಒತ್ತುತ್ತಿದ್ದ ಡಿಸ್ಕನ್ನು ಬಿಟ್ಟು ಅದರ ಕೆಳಗಿನದಕ್ಕೆ ಕೈ ಹಾಕಿದ್ದಳು.

ಯಾರೋ ಬಾಗಿಲು ತಟ್ಟಿದರು. "ಒಳಗೆ ಯಾರು? ಮರಿ ಡಾಕ್ಟ್ರಾ?"

ಮೂವತ್ತೆಂಟು ತುಂಬಿದರೂ ಅವಳು ಇನ್ನೂ ಮರಿ ಡಾಕ್ಟ್ರೇ. ದೊಡ್ಡ ಡಾಕ್ಟರಾಗಿದ್ದವರು ಹೊರಗೆ ಮಲಗಿದ್ದರು. ಆಪರೇಷನ್ ಕೋಣೆಯಲ್ಲಿ ಅವರಿಗೆ 'ಎಣಿಕೆ ಮೇಷ್ಟ್ರು' ಎಂದು ಹೆಸರು. ಚಾಕು ಮುಟ್ಟುವ ಮೊದಲು ಅವರು ಬೆನ್ನುಮೂಳೆಗಳನ್ನು ಕೆಳಗಿನಿಂದ ಎಣಿಸಬೇಕು, ಸಿಸ್ಟರು ಮೇಲಿನಿಂದ ಎಣಿಸಬೇಕು, ಎರಡೂ ಗಟ್ಟಿಯಾಗಿ, ಎರಡೂ ಒಂದೇ ಕಡೆ ಕೂಡಬೇಕು. ಕೂಡದಿದ್ದರೆ ಮತ್ತೆ ಮೊದಲಿನಿಂದ.

ನಡುಮನೆಯಲ್ಲಿ ಅವರ ಹೆಂಡತಿ ಗೋಡೆಗೊರಗಿ ಕೂತು ಬಂದವರಿಗೆ ಹೇಳುತ್ತಿದ್ದರು. "ಹೊಸದಾಗಿ ಮದುವೆ ಆದಾಗ ದಿನಾ ಬೆನ್ನು ಸವರೋರು. ಆಹಾ, ಎಂಥಾ ಪ್ರೀತಿ ಅನ್ಕೊಂಡೆ ಕಣ್ರೇ. ಒಂದಿನ ಕಿವಿಗೊಟ್ಟು ಕೇಳ್ತೀನಿ, ಒಂಬತ್ತು, ಹತ್ತು, ಹನ್ನೊಂದು ಅಂತಿದಾರೆ!"

ನಗು ಎದ್ದು, ಹೆಣದ ಮುಂದೆ ನಕ್ಕೆವಲ್ಲ ಎಂದು ಅಲ್ಲೇ ಅಡಗಿತು.

ಮೂಲೆಯಲ್ಲಿ ಊರುಗೋಲು ಹಿಡಿದು ಕೂತಿದ್ದ ಬೀಗ ರಿಪೇರಿಯ ಅಜ್ಜ ಮಾತ್ರ ನಗಲಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಮೇಷ್ಟ್ರು ತಪ್ಪು ಮೂಳೆ ಕೊರೆದದ್ದು ಆತನ ಬೆನ್ನಿನಲ್ಲಿ. ಆಮೇಲೆ ಇಬ್ಬರೂ ಜೊತೆಯಾಗಿ ಕಚೇರಿ ಕಚೇರಿ ಅಲೆದರು: ಎಲ್ಲ ಆಸ್ಪತ್ರೆಯಲ್ಲೂ ಎರಡು ಎಣಿಕೆ ಕಡ್ಡಾಯವಾಗಲಿ, ತಪ್ಪಾದರೆ ರೋಗಿಗೆ ಅಂದೇ ಹೇಳಲಿ. ಸರ್ಕಾರದ ಸಮಿತಿಯೊಂದು ಮುಂದಿನ ವಾರ ಅದನ್ನು ಕೇಳಲು ಕೊನೆಗೂ ಒಪ್ಪಿತ್ತು. ಮೇಷ್ಟ್ರ ಬದಲು ಈಗ ಅವಳು ಹೋಗಿ ಮಾತಾಡಬೇಕು.

"ನೀವು ದೊಡ್ಡ ಮನಸ್ಸು ಮಾಡಿ ಅವರನ್ನ ಕ್ಷಮಿಸಿದ್ರಿ," ಎಂದರು ಪಕ್ಕದ ಮನೆಯವರು.

"ಯಾರು ಹೇಳಿದ್ದು?" ಅಜ್ಜ ಹುಬ್ಬೇರಿಸಿದ. "ನಾನೆಲ್ಲಿ ಕ್ಷಮಿಸಿದೆ? ಹೇಳೋ ಧೈರ್ಯ ಮಾಡಿದ್ರು, ಜೊತೆಗೆ ಹೋದೆ. ಅದು ಬೇರೆ, ಇದು ಬೇರೆ."

ಅವಳು ಸಿಸ್ಟರನ್ನು ಹುಡುಕುತ್ತ ಹಿತ್ತಲ ಕಡೆ ನಡೆದಳು.

*

ಮೊನ್ನೆ ಬೆಳಿಗ್ಗೆ, ಈಗ ಮೂರನೇ ಹಾಸಿಗೆಯಲ್ಲಿರುವ ಡ್ರೈವಿಂಗ್ ಕಲಿಸುವ ಹೆಂಗಸು ಆಪರೇಷನ್ ಮೇಜಿನ ಮೇಲೆ ಬೋರಲಾಗಿ ಮಲಗಿ ಅರಿವಳಿಕೆಯ ಮಂಪರಿನಲ್ಲಿದ್ದಳು. ಇವಳು ಕೆಳಗಿನಿಂದ ಎಣಿಸಿ ಮುಗಿಸಿದ್ದಳು. ಸಿಸ್ಟರು ಮೇಲಿನಿಂದ ಶುರು ಮಾಡಬೇಕು, ಅಷ್ಟರಲ್ಲಿ ಹೊರಗಿನಿಂದ ಯಾರೋ ಕೂಗಿದರು: ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದಿದ್ದಾರೆ. ಸಿಸ್ಟರು ಓಡಿದರು. ಹತ್ತು ನಿಮಿಷ ಕಾದಳು. ಕೆಳಗಡೆ ಏನಾಗುತ್ತಿದೆಯೋ ತಿಳಿಯಲಿಲ್ಲ. ಬೇಗ ಮುಗಿಸಿ ಹೋಗೋಣವೆಂದು ಚಾಕು ಕೇಳಿದಳು.

ಒಳಗೆ ನರ ಸಡಿಲವಾಗಿಯೇ ಇತ್ತು. ಡಿಸ್ಕು ಒತ್ತಿ ಹಿಡಿದ ನರ ಹಾಗಿರುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಒಳ್ಳೆಯದೇ ಆಯಿತೆಂದು ತನಗೆ ತಾನೇ ಹೇಳಿಕೊಂಡು ಹೊಲಿಗೆ ಹಾಕಿದ್ದಳು.

*

ಹಿತ್ತಲಲ್ಲಿ ಸಿಸ್ಟರಿಗೆ ಫೋನು ತೋರಿಸಿದಳು. ಅವರು ಬೆರಳಿಟ್ಟು ಎಣಿಸಿದರು, ಮೇಲಿನಿಂದ, ರೂಢಿಯಂತೆ ಗಟ್ಟಿಯಾಗಿ. ಆರಕ್ಕೆ ಬಂದಾಗ ಬೆರಳು ನಿಂತಿತು.

"ಅಯ್ಯೋ ದೇವ್ರೇ. ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಹೇಳ್ಬೇಡ. ಒಂದು ವಾರ, ಅಷ್ಟೇ. ಅವರ ಶಿಷ್ಯೆನೇ ಎಣಿಸ್ಲಿಲ್ಲ ಅಂತ ಗೊತ್ತಾದ್ರೆ ಸಮಿತಿಯವರು ನಕ್ಕು ಫೈಲ್ ಮುಚ್ತಾರೆ. ಆ ಮನುಷ್ಯ ಜೀವ ತೇಯ್ದಿದ್ದೆಲ್ಲ ನೀರಲ್ಲಿ ಹೋಮ."

"ಪಾದ ಸೋಲ್ತಿದೆ, ಸಿಸ್ಟರ್. ನರ ಒಂದು ವಾರ ಕಾಯುತ್ತಾ?"

ಸಿಸ್ಟರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿದರು. "ನನಗೆ ನಿವೃತ್ತಿಗೆ ಇನ್ನೆರಡೇ ತಿಂಗಳು ಕಣೇ. ನಾನು ಓಡಿಹೋದೆ ಅಂತ ಮಾತ್ರ ಬರೀಬೇಡ."

"ಕಾಯಬೇಕಾಗಿದ್ದವಳು ನಾನು."

ಮುಂಬಾಗಿಲಿಗೆ ಶವದ ವಾಹನ ಬಂದ ಸದ್ದಾಯಿತು. ಜನ ಎದ್ದು ನಿಂತರು. ಅವಳು ಗುಂಪನ್ನು ಸೀಳಿಕೊಂಡು ಮೇಷ್ಟ್ರ ಹೆಂಡತಿಯ ಬಳಿ ಹೋಗಿ ಕಿವಿಯಲ್ಲಿ ಹೇಳಿದಳು: "ಅಮ್ಮಾ, ನಾನು ಸ್ಮಶಾನಕ್ಕೆ ಬರೋಕಾಗಲ್ಲ. ಆಸ್ಪತ್ರೆಗೆ ಹೋಗ್ಬೇಕು."

"ಈಗಲಾ?" ಆಕೆಯ ಮುಖ ಗಂಟಿಕ್ಕಿತು. "ಎತ್ತೋ ಹೊತ್ತಲ್ಲಿ ಬಿಟ್ಟು ಹೋಗ್ತೀಯಾ? ಮಗಳ ಹಾಗೆ ನೋಡ್ಕೊಂಡಿದ್ರಲ್ಲೇ ನಿನ್ನ!"

ಏಕೆಂದು ಹೇಳಲು ಬಾಯಿ ತೆರೆದಳು. ಆದರೆ ಅದನ್ನು ಮೊದಲು ಕೇಳಿಸಿಕೊಳ್ಳಬೇಕಾದವಳು ಆಸ್ಪತ್ರೆಯಲ್ಲಿದ್ದಳು. ಚಪ್ಪಲಿ ಹುಡುಕಿದಳು. ರಾಶಿಯಲ್ಲಿ ಒಂದೇ ಸಿಕ್ಕಿತು. ಇನ್ನೊಂದು ಯಾರ ಕಾಲಡಿಗೆ ಸರಿದಿತ್ತೋ. ಸಿಕ್ಕಿದ್ದನ್ನೂ ಅಲ್ಲೇ ಬಿಟ್ಟು ಬರಿಗಾಲಲ್ಲಿ ರಸ್ತೆಗಿಳಿದಳು.

*

ಮೂರನೇ ಹಾಸಿಗೆಯ ಹೆಂಗಸು ದಿಂಬಿಗೊರಗಿ ಕೂತಿದ್ದಳು. "ಬನ್ನಿ ಬನ್ನಿ, ಡಾಕ್ಟ್ರೇ. ದೊಡ್ಡವರು ಹೋಗ್ಬಿಟ್ರಂತೆ, ಪಾಪ. ಇವತ್ತೂ ನನ್ನ ನೋಡೋಕೆ ಬಂದ್ರಲ್ಲ! ಈ ಕಾಲು ಇನ್ನೂ ಮುನಿಸ್ಕೊಂಡೇ ಇದೆ ನೋಡಿ. ಎಷ್ಟು ದಿನ ಹೀಗೆ?"

ಅವಳು ಹಾಸಿಗೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಳು.

"ಮೊನ್ನೆ ನಾನು ತಪ್ಪು ಜಾಗದಲ್ಲಿ ಆಪರೇಷನ್ ಮಾಡಿದೀನಿ. ಎರಡು ಸಲ ಎಣಿಸ್ಬೇಕಿತ್ತು, ಒಂದೇ ಸಲ ಎಣಿಸ್ದೆ. ನಿಮ್ಮ ತೊಂದರೆ ಇನ್ನೂ ಒಳಗೇ ಇದೆ. ಇವತ್ತೇ ಮತ್ತೆ ತೆರೀಬೇಕು. ನನ್ನ ಕೈಯಲ್ಲಿ ಬೇಡ ಅಂದ್ರೆ ಬೇರೆಯವರನ್ನ ಕರೆಸ್ತೀನಿ."

ಆ ಹೆಂಗಸು ಮೂವತ್ತು ವರ್ಷ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನಗಾಗಿಯೇ ಇದ್ದ ಬ್ರೇಕಿನ ಮೇಲೆ ಕಾಲಿಟ್ಟು ಬದುಕಿದವಳು. ಹೊದಿಕೆಯಡಿಯಲ್ಲಿ ಅವಳ ಬಲಪಾದ ಸರಕ್ಕನೆ ಚಾಚಿ, ಮಂಚದ ತುದಿಯ ಕಬ್ಬಿಣದ ಪಟ್ಟಿಯನ್ನು ಬಲವಾಗಿ ಒತ್ತಿತು.

ಆಮೇಲೆ ಅದನ್ನು ಎತ್ತಿಕೊಳ್ಳಲು ನೋಡಿದಳು. ಪಾದ ಒತ್ತಿದಲ್ಲೇ ಇತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದರು.