ಚಪ್ಪಟೆ ಕಲ್ಲು

"ನನ್ನ ಉಳಿ ಎಲ್ಲದ?" ಎಂದು ಫಕೀರಸಾಬ ಮತ್ತೆ ಕೇಳಿದ. ಉಳಿ ಅವನ ಕೈಯಲ್ಲೇ ಇತ್ತು. ಹೆಂಡತಿ ಹಸೀನಾಬೇಗಂ ಅವನ ಬೆರಳುಗಳನ್ನು ಅದರ ಸುತ್ತ ಮಡಿಚಿ ಕಲ್ಲಿನ ಮುಂದೆ ಕೂರಿಸಿದಳು.

ಗೋರಿಕಲ್ಲು ಕೆತ್ತುವುದರಲ್ಲಿ ಶಹಾಬಾದಿನಲ್ಲಿ ಅವನದು ಎತ್ತಿದ ಕೈ. ಈಗ ನಿಜಾಮರು ಹೋಗಿ ಮೈಸೂರು ರಾಜ್ಯ ಬಂದದ್ದನ್ನೂ ಮರೆತಿದ್ದ, ಹೆಂಡತಿಯ ಮುಖವನ್ನೂ ಮರೆತಿದ್ದ. ಯಾರೋ ಪುಣ್ಯಾತ್ಗಿತ್ತಿ ಊಟಕ್ಕೆ ಹಾಕುತ್ತಾಳೆ ಎಂದುಕೊಂಡಿದ್ದ. ಒಂದು ದಿನ ಕಣ್ಣು ತಪ್ಪಿಸಿ ರೈಲುಹಳಿಗುಂಟ ವಾಡಿಯ ತನಕ ನಡೆದುಬಿಟ್ಟಿದ್ದ. ಹುಡುಕಿ ತಂದ ಮಗ ಬಂದೇನವಾಜ್ ಅಂದೇ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಜಡಿಸಿದ. "ಇನ್ನೊಮ್ಮಿ ಹೊಂಟ್ರ ಒಳಗ ಹಾಕಿ ಕೀಲಿ ಹಾಕೂದೇ, ಅಮ್ಮೀ," ಎಂದಿದ್ದ.

"ಕೈಗಿ ಕೆಲಸಿಲ್ಲ, ಅದಕ್ಕೇ ಕಾಲು ಓಡ್ತಾವ," ಎಂದು ಹಸೀನಾ ಅಟ್ಟದ ಮೇಲಿನ ಉಳಿ ಸುತ್ತಿಗೆ ಇಳಿಸಿದ್ದಳು. ಅಂದಿನಿಂದ ಅವನು ಹೊಸ್ತಿಲು ದಾಟಿರಲಿಲ್ಲ. ಸುಣ್ಣದ ಕಡ್ಡಿಯಿಂದ ಬಳ್ಳಿ ಬರೆಯುತ್ತಿದ್ದ, ಕೆತ್ತುತ್ತಿದ್ದ, ಹಾಡೂ ಗುನುಗುತ್ತಿದ್ದ. ಅವಳ ಜೀವ ತಂಪಾಗಿತ್ತು.

ಇವತ್ತು ಅವನು ಕಲ್ಲಿನ ಮೈಯನ್ನು ಚಪ್ಪಟೆಯಾಗಿ ನಯಮಾಡುತ್ತಿದ್ದ. ಗಂಡಸರ ಗೋರಿಗಾದರೆ ಲೇಖನಿ ಇಡುವ ಪೆಟ್ಟಿಗೆಯಂಥ ಉಬ್ಬು ಬಿಡುವುದು, ಹೆಂಗಸರದಾದರೆ ಬರೆಯುವ ಹಲಗೆಯಂತೆ ಸಪಾಟು ಮಾಡುವುದು ಅವರ ಪದ್ಧತಿ.

"ಹೆಂಗಸರ ಕಲ್ಲೇನ್ರಿ? ಯಾರದು?" ಎಂದು ಹಸೀನಾ ಕೇಳಿದಳು.

"ನಮ್ಮ ಮನ್ಯಾಕಿದು. ಹಸೀನಾ," ಎಂದ ಅವನು. "ತೀರಿಹೋಗಿ ಭಾಳ ದಿನ ಆಯ್ತು. ಊರ ಮಂದಿಗೆಲ್ಲ ಕಲ್ಲು ಕಡದೆ. ಆಕಿ ಕಲ್ಲಿಲ್ಲದೇ ಮಲಗ್ಯಾಳ."

ಹಸೀನಾ ಅವನ ಮುಖದ ಮುಂದೆ ಬಾಗಿದಳು. "ನಾನೇ ಹಸೀನಾ. ಈ ಕಡಿ ನೋಡ್ರಿ."

ಅವನು ನೋಡಿದ. ಉಳಿ ಕೆಳಗಿಟ್ಟು ಎದ್ದ. "ಸತ್ತಾಕಿ ಹೆಸರ ಮ್ಯಾಲ ಸುಳ್ಳು ಹೇಳಬಾರದವ್ವ. ನಾ ಇಲ್ಲಿ ಇರಂಗಿಲ್ಲ," ಎನ್ನುತ್ತ ಚಪ್ಪಲಿಗಾಗಿ ಕಾಲಾಡಿಸಿದ. ದನಿ ಕೇಳಿ ಬಂದೇನವಾಜ್ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದ; ಅವನ ಕೈ ಆಗಲೇ ಚಿಲಕದ ಮೇಲಿತ್ತು.

"ತಪ್ಪಾಯ್ತು, ಭಾಯಿ," ಎಂದಳು ಹಸೀನಾ. ಜೀವಮಾನವಿಡೀ ಸಂಸಾರ ಮಾಡಿದ ಗಂಡನನ್ನು ಅಣ್ಣಾ ಎಂದು ಕರೆದ ನಾಲಿಗೆ ಸುಟ್ಟಂತಾಯಿತು. "ಕುಂದ್ರಿ. ಆಕಿ ನನಗೂ ಗುರ್ತಿದ್ಳು."

ಅವನು ನಿಧಾನವಾಗಿ ಕುಳಿತ. ಬಂದೇನವಾಜ್ ತಲೆ ತಗ್ಗಿಸಿ ಹೊರಗೆ ಹೋದ.

"ಗುರ್ತಿದ್ಳಾ? ಹಂಗಾದ್ರ ಹೇಳವ್ವ, ಆಕಿಗಿ ಯಾ ಹೂವ ಸೇರ್ತಿತ್ತು?"

"ಮಲ್ಲಿಗಿ."

ಅವನು ತಲೆಯಾಡಿಸಿ ಮೊದಲನೆಯ ಎಸಳಿಗೆ ಉಳಿ ಇಟ್ಟ. ಕಲ್ಲು ಅಲುಗದಿರಲೆಂದು ಹಸೀನಾ ಅದರ ಇನ್ನೊಂದು ತುದಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಸುತ್ತಿಗೆಯ ಒಂದೊಂದು ಏಟೂ ಅಂಗೈಗೆ ಬಂದು ಮುಟ್ಟುತ್ತಿತ್ತು.