ತವರಿನವನಿಗೆ ಹೇಳಿದ ಮಾತು

ಲಾತೂರಿಗೆ ರೈಲಿನಲ್ಲಿ ನೀರು ಹೋದ ಬೇಸಿಗೆಯದು. ಪೇಪರಿನವರೆಲ್ಲ ಆ ರೈಲಿನ ಫೋಟೋ ಹಾಕಿದ್ದೇ ಹಾಕಿದ್ದು. ಇತ್ತ ಭಾಲ್ಕಿ ತಾಲೂಕಿನಲ್ಲಿ, ಖಟಕ ಚಿಂಚೋಳಿಗೆ ಹತ್ತಿರದ ಒಂದು ಊರಿನಲ್ಲಿ, ಹನ್ನೆರಡು ಮನೆಯವರೂ ಎಂಬತ್ತು ಕುರಿಗಳೂ ಒಂದೇ ಬೋರಿನ ನೀರು ಕುಡಿದು ಜಗಳವಿಲ್ಲದೆ ಬದುಕಿದ್ದರು. ಅದರ ಫೋಟೋ ಯಾರೂ ಹಾಕಲಿಲ್ಲ. ಆಗದೇ ಇದ್ದ ಜಗಳದ ಫೋಟೋ ತೆಗೆಯುವುದಾದರೂ ಹೇಗೆ? ಊರಿನ ಹೆಸರು ಬೇಡ. ಹೆಸರು ಹೇಳಿ ಆದ ಅನಾಹುತವೇ ಸಾಕಷ್ಟಿದೆ.

ಬೋರು ಇದ್ದದ್ದು ಬೌದ್ಧ ಧರ್ಮ ಸೇರಿದ ದಲಿತರ ಓಣಿಯ ನರಸಿಂಗನ ಎರಡೆಕರೆ ಹೊಲದಲ್ಲಿ. ಅವನ ಹೆಂಡತಿ ಸುಭದ್ರಾಬಾಯಿ ಹತ್ತನೆಯ ತರಗತಿ ಪಾಸಾದವಳು, ಬೀದರಿನ ಚಿದ್ರಿಯಲ್ಲಿದ್ದ ‘ಸಮನ್ವಯ ಕೇಂದ್ರ’ ಎಂಬ ಸಂಸ್ಥೆಗೆ ಆ ಊರಿನ ಕಾರ್ಯಕರ್ತೆ. ಜಾತಿಯದು, ನೀರಿನದು, ಬದುವಿನದು ಎಂದು ಊರೂರಲ್ಲಿ ಏಳುವ ಜಗಳವನ್ನು ಹೊತ್ತಿಕೊಳ್ಳುವ ಮೊದಲೇ ಆರಿಸುವುದು ಆ ಸಂಸ್ಥೆಯ ಕೆಲಸ. ಅದಕ್ಕೆ ಬೇಕಾದ ರೊಕ್ಕ ಹೊರದೇಶದಿಂದ ದಿಲ್ಲಿಗೆ ಬಂದು, ದಿಲ್ಲಿಯಿಂದ ಬೀದರಿಗೆ ಬರುತ್ತಿತ್ತು. ತಿಂಗಳಿಗೊಂದು ಫಾರ್ಮು ತುಂಬಿ ಕಳಿಸಬೇಕು. ‘ಈ ತಿಂಗಳು ನಡೆದ ಸಂಘರ್ಷ’ ಎಂಬಲ್ಲಿ ಸುಭದ್ರಾಬಾಯಿ ಹತ್ತು ತಿಂಗಳಿನಿಂದ ‘ಇಲ್ಲ’ ಎಂದೇ ಬರೆಯುತ್ತ ಬಂದಿದ್ದಳು. ಕೂಸಿನ ಜ್ವರ ಬಿಟ್ಟಿತೆಂದು ಹೇಳುವ ತಾಯಿಯ ಹೆಮ್ಮೆ ಅವಳಿಗೆ.

ಆ ‘ಇಲ್ಲ’ ಪುಕ್ಕಟೆ ಬಂದದ್ದಲ್ಲ. ಹಿಂದಿನ ಬೇಸಿಗೆಯಲ್ಲಿ ಊರ ಬಾವಿಗಳೆಲ್ಲ ಬತ್ತಿದಾಗ ಕುರಿ ಸಾಕುವ ಮಡೆಪ್ಪ ತನ್ನ ಹಿಂಡನ್ನು ಹೇಳದೆ ಕೇಳದೆ ನರಸಿಂಗನ ಹೊಲಕ್ಕೆ ನುಗ್ಗಿಸಿದ್ದ. ನರಸಿಂಗ ಅಡ್ಡ ನಿಂತ. ಮಾತಿಗೆ ಮಾತು ಬೆಳೆದು ಮಡೆಪ್ಪನ ಕೈಯಿಂದ ಕಲ್ಲು ಹಾರಿತು. ನರಸಿಂಗನ ಹಣೆ ಒಡೆದು ಏಳು ಹೊಲಿಗೆ ಬಿದ್ದವು. ಎರಡೂ ಓಣಿಯವರು ಬಡಿಗೆ ಹಿಡಿದು ನಿಂತರು. ಕೊಟ್ಟರೆ ದಲಿತರ ಮೇಲಿನ ದೌರ್ಜನ್ಯದ ಕೇಸು, ಮಡೆಪ್ಪ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆಯುವಂಥದು. ಅವನ ಹೆಂಡತಿ ಗಂಗುಬಾಯಿ ಮೂರು ದಿನ ಒಲೆ ಹಚ್ಚಲಿಲ್ಲ.

ಆಗ ನಡುವೆ ಬಂದವಳು ಸುಭದ್ರಾಬಾಯಿ. ಒಡೆದದ್ದು ತನ್ನ ಗಂಡನ ತಲೆ, ಆದ್ದರಿಂದ ಅವಳ ಮಾತಿಗೆ ತೂಕವಿತ್ತು. ಆಸ್ಪತ್ರೆಯಲ್ಲಿ ನರಸಿಂಗ ಬಂಡಿಯಿಂದ ಬಿದ್ದೆನೆಂದು ಹೇಳಿದ. ಹೇಳಿಸಿದವಳು ಅವಳೇ. ಆಮೇಲೆ ಗಂಗುಬಾಯಿಯನ್ನು ಕರೆದು ಕೂಡಿಸಿಕೊಂಡು ಒಂದು ದಾರಿ ಹುಡುಕಿದಳು. ನೀರಿಗೆ ರೊಕ್ಕ ಬೇಡ, ಅದರ ಬದಲು ಮಡೆಪ್ಪ ತನ್ನ ಕುರಿಗಳನ್ನು ಬೌದ್ಧರ ಹೊಲಗಳಲ್ಲಿ ಸರದಿಯ ಮೇಲೆ ನಿಲ್ಲಿಸಬೇಕು. ಕುರಿ ನಿಂತ ಹೊಲಕ್ಕೆ ಹಿಕ್ಕೆ, ಗಂಜಲ ಬಿದ್ದು ಮೂರು ವರ್ಷದ ಗೊಬ್ಬರ ಸಿಗುತ್ತದೆ. ಆ ಸೀಮೆಯಲ್ಲಿ ಇದು ಹಳೆಯ ರೂಢಿ. ಆದರೆ ಆ ಊರಿನ ಕುರಿಗಳು ಈ ಓಣಿಯ ಹೊಲದಲ್ಲಿ ನಿಂತದ್ದನ್ನು ಕಂಡವರು ಯಾರೂ ಇರಲಿಲ್ಲ. ಅದಕ್ಕೆ ಕಾರಣವಿತ್ತು. ಕುರಿ ನಿಲ್ಲಿಸಿದವರಿಗೆ ಹೊಲದವರ ಮನೆಯಿಂದ ಊಟ ಬರಬೇಕು. ಅದೂ ರೂಢಿಯೇ.

ಮಡೆಪ್ಪ ಎರಡು ದಿನ ಬಿಗಿದುಕೊಂಡಿದ್ದ. ಮೂರನೆಯ ದಿನ ಕುರಿ ಬಂದವು. ಸುಭದ್ರಾಬಾಯಿ ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋದಳು. ಮೊದಲು ರೊಟ್ಟಿ ಮುರಿದು ಬಾಯಿಗಿಟ್ಟವಳು ಗಂಗುಬಾಯಿ. ಹೆಂಡತಿಯ ಮುಖ ನೋಡಿ ಮಡೆಪ್ಪನೂ ಮುರಿದ. ಗಂಗುಬಾಯಿ ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದಳು. ಹಾಗೆ ಹೆಸರಿಡುವಷ್ಟು ಸಲಿಗೆ ಒಂದೇ ತುತ್ತಿಗೆ ಬಂದುಬಿಟ್ಟಿತಲ್ಲ ಎಂದು ಸುಭದ್ರಾಬಾಯಿಗೆ ನಗು ಬಂತು, ಕಣ್ಣೂ ತುಂಬಿತು.

ಎರಡೂ ಕಡೆಯವರು ಒಂದೇ ಕರಾರು ಹಾಕಿಕೊಂಡರು. ಕಲ್ಲಿನ ಮಾತು ಹೊಟ್ಟೆಗೆ ಹಾಕಿಕೊಳ್ಳುವುದು, ಯಾವ ಕಾಗದಕ್ಕೂ ಅದು ಏರಬಾರದು. ಕಾಗದಕ್ಕೆ ಏರಿದ್ದು ಇಂದಲ್ಲ ನಾಳೆ ಠಾಣೆಯ ಮೆಟ್ಟಿಲನ್ನೂ ಏರುತ್ತದೆ ಎಂಬುದು ಮಡೆಪ್ಪನಂಥವನಿಗೂ ಗೊತ್ತು. ಅದರ ಜವಾಬ್ದಾರಿ ಸುಭದ್ರಾಬಾಯಿಯದು.

ಅವಳು ಫಾರ್ಮಿನಲ್ಲಿ ಬರೆಯಲಿಲ್ಲ, ಮೀಟಿಂಗಿನಲ್ಲಿ ಹೇಳಲಿಲ್ಲ. ಹೇಳಿದ್ದು ಒಬ್ಬನಿಗೆ, ತನ್ನ ಮನೆಯಲ್ಲಿ.

ಕೇಂದ್ರದ ಮುಖ್ಯಸ್ಥ ಮಚ್ಛೇಂದ್ರ ಅವಳ ತವರಿನವನು. ಔರಾದ ತಾಲೂಕಿನ ಅದೇ ಊರು, ಅದೇ ಓಣಿ. ಅವಳಿಗೆ ಈ ಕೆಲಸ ಕೊಡಿಸಿದವನೂ ಅವನೇ. ಕಲ್ಲಿನ ಜಗಳವಾದ ಮೇಲೆ ಬಂದ ನಾಗರಪಂಚಮಿಗೆ ಅವಳನ್ನು ಕರೆಯಲು ಬರುವವರಿರಲಿಲ್ಲ. ಒಡಹುಟ್ಟಿದ ಇಬ್ಬರು ಅಣ್ಣಂದಿರೂ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಆ ಕೊರತೆ ನೆನಪಿಟ್ಟು ಮಚ್ಛೇಂದ್ರ ಉಂಡಿ, ಕುಪ್ಪಸದ ಕಣ ತಂದಿದ್ದ. ಅವಳು ಉಣಬಡಿಸುತ್ತ, ಊರಿನವರ ಸುಖದುಃಖ ಕೇಳುತ್ತ, ಇಡೀ ಓಣಿಯಲ್ಲಿ ಒಬ್ಬನಾದರೂ ನೆನಪಿಟ್ಟನಲ್ಲ ಎಂಬ ಸಂತೋಷದಲ್ಲಿ, ಕಲ್ಲಿನಿಂದ ಹಿಡಿದು ಉಪ್ಪಿನವರೆಗೆ ಎಲ್ಲವನ್ನೂ ಹೇಳಿದಳು. ಅಣ್ಣನ ಮುಂದೆ ಹೇಳಿದ್ದು ಊರ ಮುಂದೆ ಹೇಳಿದ ಹಾಗಲ್ಲ ಎಂದೇ ಅವಳು ಹುಟ್ಟಿದಾಗಿನಿಂದ ತಿಳಿದವಳು. ಮಚ್ಛೇಂದ್ರ ಉಣ್ಣುವುದನ್ನು ನಿಲ್ಲಿಸಿ ಕೇಳಿದ್ದ. ಎಷ್ಟು ಹೊಲಿಗೆ ಎಂದು ಎರಡು ಸಲ ಕೇಳಿದ್ದ. ಮರುಕಕ್ಕೆ ಕೇಳುತ್ತಾನೆ ಎಂದುಕೊಂಡಿದ್ದಳು ಅವಳು.

ಏಪ್ರಿಲಿನಲ್ಲಿ ದಿಲ್ಲಿಯವರು ಬರುತ್ತಾರೆಂದು ಫೋನು ಬಂತು. ರೊಕ್ಕ ಕೊಡುವವರು ಕಣ್ಣಾರೆ ನೋಡಿ ಹೋಗುತ್ತಾರಂತೆ. ಸುಭದ್ರಾಬಾಯಿಗೆ ಹಬ್ಬ. ಬೋರಿನ ಪಕ್ಕದ ಬೇವಿನ ಕೆಳಗೆ ಜಮಖಾನೆ ಹಾಸಿ, ಗಂಗುಬಾಯಿಯನ್ನೂ ಒತ್ತಾಯ ಮಾಡಿ ಕರೆತಂದಳು. ನೀರು ಹಂಚಿಕೊಂಡು ಬದುಕುವುದನ್ನು ಜನ ನೋಡಲಿ, ನೋಡಿ ಕಲಿಯಲಿ ಎಂದು ಅವಳ ಆಸೆ. ಮಡೆಪ್ಪ ಆಚೆ ನೀರು ತುಂಬುವ ಕಲ್ಲಿನ ದೋಣಿಯ ಹತ್ತಿರ ಕುರಿಗಳಿಗೆ ನೀರು ಕುಡಿಸುತ್ತಿದ್ದ.

ಬಂದವರು ಇಬ್ಬರು. ದಿಲ್ಲಿಯ ಒಬ್ಬ ಹೆಣ್ಣುಮಗಳು, ಅವಳ ಇಂಗ್ಲಿಷನ್ನು ದಖ್ಖನಿ ಉರ್ದುವಿಗೆ ತಿರುಗಿಸಿ ಹೇಳಲು ಹೈದರಾಬಾದಿನ ಅಬ್ದುಲ ಸಮದ. ಮಚ್ಛೇಂದ್ರ ಬದಿಗೆ ನಿಂತಿದ್ದ. ದಿಲ್ಲಿಯವಳ ಕೈಯಲ್ಲಿ ಕೇಂದ್ರ ಅಚ್ಚು ಹಾಕಿಸಿದ ಬಣ್ಣದ ಪುಸ್ತಕವಿತ್ತು, ಅದರ ಮೇಲೆ ಸುಭದ್ರಾಬಾಯಿಯ ಫೋಟೋ. ದಿಲ್ಲಿಯವಳು ಗಂಗುಬಾಯಿಯ ಕೈ ಹಿಡಿದು ನಗುತ್ತ ಏನೋ ಕೇಳಿದಳು. ಸಮದ ಅಷ್ಟೇ ಮೃದುವಾಗಿ ದಖ್ಖನಿಯಲ್ಲಿ ತಿರುಗಿಸಿದ. ನರಸಿಂಗನ ತಲೆಗೆ ಕಲ್ಲು ಹೊಡೆದ ಮಡೆಪ್ಪ ನಿಮ್ಮ ಯಜಮಾನರೇ ಅಲ್ಲವೆ, ಅವರ ಸಿಟ್ಟು ಈಗ ಹೇಗಿದೆ, ಮತ್ತೆ ಹೊಡೆದಾಟ ಆದೀತೆಂದು ನಿಮಗೆ ಹೆದರಿಕೆಯಿದೆಯೆ ಎಂದು ಕೇಳಿದ. ಆ ಸೀಮೆಯ ಹೆಂಗಸರಿಗೆ ದಖ್ಖನಿ ತಿಳಿಯದೇ ಹೋಗುವ ಮಾತೇ ಇಲ್ಲ. ಪುಣ್ಯಾತ್ಮರಿಬ್ಬರಿಗೂ ತಾವು ಏನು ಕೇಳಿದೆವೆಂಬುದು ಮಾತ್ರ ತಿಳಿದಿರಲಿಲ್ಲ.

ಗಂಗುಬಾಯಿ ಪುಸ್ತಕವನ್ನು ನೋಡಿದಳು. ಆಮೇಲೆ ಫೋಟೋದಲ್ಲಿದ್ದವಳ ಮುಖವನ್ನೇ ನೋಡಿದಳು. ಗಂಗುಬಾಯಿ ಕೈ ಬಿಡಿಸಿಕೊಂಡು ಎದ್ದು, ದೋಣಿಯ ಹತ್ತಿರ ಹೋಗಿ ಗಂಡನಿಗೆ ಎರಡು ಮಾತು ಹೇಳಿದಳು. ಅರ್ಧ ಕುಡಿದ ಕುರಿಗಳನ್ನು ಮಡೆಪ್ಪ ಹಾಗೇ ಹೊಡೆದುಕೊಂಡು ಹೋದ. ದಿಲ್ಲಿಯವಳು ಅದನ್ನು ನೋಡುತ್ತ ಸರಸರನೆ ಬರೆದುಕೊಂಡಳು.

ಮರುದಿನ ಮುಂಜಾನೆ ಮಡೆಪ್ಪನ ಮನೆಗೆ ಬೀಗ. ಕುರಿ, ಕಂಬಳಿ, ಗಡಿಗೆ ಎಲ್ಲ ಕಟ್ಟಿಕೊಂಡು ಭಾತಂಬ್ರಾ ಕಡೆ ಹೋದರೆಂದು ಜನ ಹೇಳಿದರು. ಅಲ್ಲಿ ಇಲ್ಲಿಗಿಂತ ಹೆಚ್ಚು ಬರ, ಆದರೂ ಹೋದರು. ಕುರಿಯವರ ಓಣಿಯ ಹೆಂಗಸರು ಸುಭದ್ರಾಬಾಯಿಯನ್ನು ಕಂಡು ಮಾತು ನಿಲ್ಲಿಸಿದರು. ಅವಳ ಓಣಿಯವರದು ಬೇರೆ ರಾಗ. ಗಂಡನ ರಕ್ತ ಮಾರಿ ಪಗಾರ ತಿಂದಳೆಂದರು.

ನರಸಿಂಗ ಬೈಯಲಿಲ್ಲ. ಓಣಿಯ ಅರ್ಧ ಗಂಡಸರು ಹೈದರಾಬಾದಿಗೆ ದುಡಿಯಲು ಹೋದಾಗಲೂ, ಗೊಬ್ಬರ ಬಿದ್ದ ಹೊಲ ಬಿಟ್ಟು ಬರುವುದಿಲ್ಲ ಎಂದು ಊರಲ್ಲೇ ನಿಂತವನು ಅವನು. ಹದಿನೈದು ದಿನ ಓಣಿಯ ಮಾತು ಕೇಳಿ ಈಗ ಚೀಲಕ್ಕೆ ಎರಡು ಅಂಗಿ ತುಂಬಿಕೊಂಡ. ಬಾಗಿಲಲ್ಲಿ ನಿಂತು ಹಣೆ ಮುಟ್ಟಿಕೊಂಡು ಹೇಳಿದ:

“ಇಷ್ಟು ದಿನ ಈ ಗುರ್ತು ನಂದಿತ್ತು. ನಾ ಬೇಕಂದ್ರ ಮರೀತಿದ್ದೆ. ಈಗ ಅದು ನಿಮ್ಮ ಕೇಂದ್ರದ್ದು ಆತು.”

ಹೈದರಾಬಾದಿನ ಬಸ್ಸು ಹತ್ತಿದ. ಸುಭದ್ರಾಬಾಯಿ ಬೀದರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಇದರಲ್ಲಿ ಏನೋ ತಪ್ಪಾಗಿದೆ, ಅಣ್ಣನಿಗೆ ಗೊತ್ತಿಲ್ಲದೆ ಆಫೀಸಿನ ಬೇರೆ ಯಾರೋ ಬರೆದಿದ್ದಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಂಬಿದ ಜೀವ ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಚಿದ್ರಿಯ ಆಫೀಸಿನಲ್ಲಿ ಪೇಡೆ ಹಂಚುತ್ತಿದ್ದರು. ಇನ್ನು ಮೂರು ವರ್ಷಕ್ಕೆ ರೊಕ್ಕ ಮಂಜೂರಾಗಿತ್ತು. ಮಚ್ಛೇಂದ್ರ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದ. ನಿನ್ನ ಊರಿನ ಹೆಸರೇ ಪಟ್ಟಿಯಲ್ಲಿ ಮೊದಲು ಎಂದು ತಾನಾಗಿಯೇ ಹೇಳಿದ. ಹತ್ತು ತಿಂಗಳು ‘ಇಲ್ಲ, ಇಲ್ಲ’ ಎಂದು ಬರೆದದ್ದಕ್ಕೆ ಆ ಊರು ಪಟ್ಟಿಯಿಂದ ಬಿದ್ದೇಹೋಗಿತ್ತಂತೆ. ಜಗಳವಿಲ್ಲದ ಕಡೆ ಜಗಳ ತಡೆಯಲು ಯಾರು ರೊಕ್ಕ ಕೊಡುತ್ತಾರೆ, ಕೇಂದ್ರದಲ್ಲಿ ಎಂಟು ಮಂದಿಯ ಪಗಾರವಾಗಬೇಕು, ಅದರಲ್ಲಿ ನಿನ್ನದೂ ಒಂದು ಎಂದು ಲೆಕ್ಕದ ಮೇಷ್ಟ್ರ ಹಾಗೆ ಬಿಡಿಸಿ ಹೇಳಿದ.

“ಅವರಿಗಿ ಬರ ಕಾಣಂಗಿಲ್ಲ ಸುಭದ್ರಾ. ರಗತ ಕಾಣ್ತದ,” ಅಂದ. “ಗಂಗುಬಾಯಿ ಎದ್ದು ಹೋಗಿದ್ದು ಭಾಳ ಕೆಲಸಕ್ಕ ಬಂತು. ಊರಾಗ ಇನ್ನಾ ಬೆಂಕಿ ಅದ ಅಂತ ಅವರೇ ಬರದಾರ.”

ಉಂಡ ಮನೆಗೆ ಎರಡು ಬಗೆಯುವವರನ್ನು ಸುಭದ್ರಾಬಾಯಿ ಕಂಡಿದ್ದಳು. ಉಣ್ಣುತ್ತ ಉಣ್ಣುತ್ತಲೇ ಬಗೆದವನನ್ನು ಕಂಡದ್ದು ಇದೇ ಮೊದಲು.

“ಆ ಮಾತು ನಾ ಕೇಂದ್ರಕ್ಕ ಹೇಳಿದ್ದಿಲ್ಲ ಅಣ್ಣಾ,” ಅಂದಳು. “ನಿನಗ ಹೇಳಿದ್ದೆ.”

ಮಚ್ಛೇಂದ್ರ ಒಂದು ಗಳಿಗೆ ತಲೆ ತಗ್ಗಿಸಿದ. ನಾಚಿಕೆಯಾಯಿತೇನೋ ಎಂದು ಅವಳಿಗೆ ಇನ್ನೂ ಒಂದೆಳೆ ಆಸೆ.

“ನಾ ಬ್ಯಾರೆ, ಕೇಂದ್ರ ಬ್ಯಾರೆ ಅಂತ ನಿನಗ ಯಾರು ಹೇಳ್ಯಾರ?” ಅಂದ. ಆಮೇಲೆ ಹೊಸ ಯೋಜನೆಯ ಮೊದಲ ಕೆಲಸ ತಿಳಿಸಿದ. ಮಡೆಪ್ಪನ ಮನೆಯವರನ್ನೂ ಬೌದ್ಧರ ಓಣಿಯವರನ್ನೂ ಭಾಲ್ಕಿಗೆ ಕರೆತಂದು ಎರಡು ದಿನದ ಶಿಬಿರ ಮಾಡಬೇಕು. ಊಟ, ಚಹಾ, ಬಸ್ಸಿನ ಖರ್ಚು ಎಲ್ಲ ಬಂದಿದೆ. ಶಿಬಿರದ ಹೆಸರು ‘ಒಡೆದ ಮನಸ್ಸುಗಳ ಜೋಡಣೆ’. ಇದಕ್ಕಿಂತ ಕಲ್ಲು ಎತ್ತಿ ಹೊಡೆದಿದ್ದರೆ ವಾಸಿಯಿತ್ತು. ನಾಳೆಯಿಂದ ಬರುವುದಿಲ್ಲ ಎಂದು ಅವಳು ಎದ್ದಳು. ಅವನು ತಡೆಯಲಿಲ್ಲ. ನಿನ್ನ ಜಾಗಕ್ಕೆ ಬೇರೆಯವರು ಸಿಗುತ್ತಾರೆ, ಆದರೆ ಫೋಟೋ ಆಗಲೇ ಹೋಗಿಬಿಟ್ಟಿದೆ, ಇನ್ನು ತೆಗೆಯಲು ಬರುವುದಿಲ್ಲ ಎಂದು ಮಾತ್ರ ಹೇಳಿದ.

ಅವಳು ಊರಿಗೆ ಹೋಗಲಿಲ್ಲ. ಭಾಲ್ಕಿಯಲ್ಲಿ ಇಳಿದು ಭಾತಂಬ್ರಾಕ್ಕೆ ಹೋದಳು. ಕುರಿ ಎಲ್ಲಿ ಬಿಟ್ಟಿದ್ದಾರೆಂದು ಕೇಳುತ್ತ ಕೇಳುತ್ತ ಒಂದು ಹರದಾರಿ ಬಿಸಿಲಲ್ಲಿ ನಡೆದಳು. ಹೇಳಬೇಕಾದ ಮಾತನ್ನು ದಾರಿಯಲ್ಲಿ ನೂರು ಸಲ ಜೋಡಿಸಿಕೊಂಡಳು. ಕೆಲಸ ಬಿಟ್ಟಿದ್ದೇನೆ, ಪೊಲೀಸರು ಬಂದರೆ ಬಂಡಿಯಿಂದ ಬಿದ್ದದ್ದೆಂದು ನಾನೇ ಮುಂದೆ ನಿಂತು ಹೇಳುತ್ತೇನೆ, ನೀರು ಹಾಗೇ ಇದೆ, ವಾಪಸು ಬಾ. ಅಷ್ಟು ಹೇಳಿದರೆ ಗಂಗುಬಾಯಿ ಬೈದಾಳು, ಅತ್ತಾಳು, ಕೊನೆಗೆ ಬಂದಾಳು. ಬೈಗುಳಕ್ಕೆ ಅವಳು ತಯಾರಾಗಿಯೇ ಹೋಗಿದ್ದಳು.

ಒಂದು ಜಾಲಿಯ ಕೆಳಗೆ ಕಂಬಳಿ ಕಟ್ಟಿ ನೆರಳು ಮಾಡಿದ್ದರು. ಗಂಗುಬಾಯಿ ಒಬ್ಬಳೇ ಇದ್ದಳು. ಪಕ್ಕದಲ್ಲಿ ಎರಡು ಕುರಿಮರಿ ಸತ್ತು ಬಿದ್ದಿದ್ದವು. ಸುಭದ್ರಾಬಾಯಿ ಜೋಡಿಸಿಕೊಂಡ ಮಾತೆಲ್ಲ ಅವನ್ನು ನೋಡಿ ಹಾರಿಹೋಯಿತು.

“ನೀ ಹೇಳಿದ್ದಿಲ್ಲೇನು?” ಗಂಗುಬಾಯಿ ಅಷ್ಟೇ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ‘ಇಲ್ಲ’ ಎಂಬ ಒಂದು ಮಾತು ಬಂದರೆ ಸಾಕು, ನಂಬಿಬಿಡುತ್ತೇನೆ ಎಂಬಂತೆ ಮುಖ ನೋಡಿದಳು.

ಸುಳ್ಳು ಹೇಳಬಹುದಿತ್ತು. ಗಂಡನಿಂದ ಹೇಳಿಸಿದ ಹಾಗೆ ತಾನೂ ಒಂದು ಹೇಳಬಹುದಿತ್ತು.

“ಹೇಳಿದ್ದೆ,” ಅಂದಳು ಸುಭದ್ರಾಬಾಯಿ. “ನಮ್ಮ ಅಣ್ಣಗ.”

ಗಂಗುಬಾಯಿ ತಲೆಯಾಡಿಸಿದಳು. ಬಿಸಿಲಿಗೆ ಸುಭದ್ರಾಬಾಯಿಯ ನಾಲಿಗೆ ಅಂಟಿಕೊಂಡಿತ್ತು. ಜರಾ ನೀರು ಕೊಡು ಅಂದಳು.

ಗಂಗುಬಾಯಿ ಎದ್ದು ಗಡಿಗೆಯಲ್ಲಿ ತಂಬಿಗೆ ಅದ್ದಿ ತಂದಳು. ಕೈಗೆ ಕೊಡಲಿಲ್ಲ. ಎದೆಯೆತ್ತರಕ್ಕೆ ಹಿಡಿದು, ಮುಖ ಅತ್ತ ತಿರುಗಿಸಿ, ಬಗ್ಗಿಸಿದಳು. ಸುಭದ್ರಾಬಾಯಿಗೆ ತಿಳಿಯುವ ಮೊದಲೇ ಅವಳ ಮೊಣಕಾಲು ಮಡಿಚಿದ್ದವು, ಎರಡೂ ಕೈ ಕೂಡಿ ಬೊಗಸೆಯಾಗಿದ್ದವು. ಅವಳು ಒಂದು ದಿನವೂ ಹಾಗೆ ನೀರು ಕುಡಿದವಳಲ್ಲ. ಅವಳ ಅವ್ವ ಕುಡಿದಿದ್ದಳು, ಅಜ್ಜಿ ಕುಡಿದಿದ್ದಳು. ಕಲಿಸದಿದ್ದರೂ ಕೈಗೆ ಗೊತ್ತಿತ್ತು.

ಆ ವರ್ಷ ನೀರು ನೆಲಕ್ಕೆ ಚೆಲ್ಲುವ ಹಾಗಿರಲಿಲ್ಲ. ಸುಭದ್ರಾಬಾಯಿ ಕುಡಿದಳು.