ಹಿಮ್ಮೇಳದ ಮಲಕಪ್ಪ

ಐಹೊಳೆಯಿಂದ ಬಂದವರು ಹೆಣವನ್ನು ಬಳಸಿಕೊಂಡು ಹೋಗಿ ಮೊದಲು ಅಮಸಿದ್ದಪ್ಪನ ಕಾಲು ಮುಟ್ಟಿದರು. ಗೋಡೆಗೆ ಆನಿಸಿ ಕೂಡಿಸಿದ್ದ ಗಂಡನ ಹೆಣದ ಪಕ್ಕದಲ್ಲಿ ಕೂತು ರೇಣವ್ವ ಅದನ್ನು ನೋಡಿದಳು. ಕೆರೂರಿನ ಸುತ್ತ ಡೊಳ್ಳಿನ ಹಾಡೆಂದರೆ ಅಮಸಿದ್ದಪ್ಪ. ನಿನ್ನೆ ಎದೆನೋವೆಂದು ದವಾಖಾನೆ ಮುಟ್ಟುವ ಮೊದಲೇ ಸತ್ತ ಮಲಕಪ್ಪ ಅವನ ಮಗ. ಹಿಂದೆ ನಿಂತು ಪಲ್ಲವಿ ಹಿಡಿಯುವವ, ಅಷ್ಟೇ.

“ಯಜ್ಜಾ, ಮಗನ್ನ ಹಾಡಿ ಕಳಸ್ರಿ,” ಎಂದ ಬಂದವರಲ್ಲೊಬ್ಬ. “ಹೋದ ವರ್ಷ ಮಹಾಕೂಟದ ಜಾತ್ರ್ಯಾಗ ಹಾಡಿದ್ರಲ್ಲ, ಆ ದನಿ ಇನ್ನೂ ಕಿವ್ಯಾಗ ಐತಿ.”

ಡೊಳ್ಳು ಹೆಗಲಿಗೇರಿಸಿದ್ದ ಹನಮಂತಪ್ಪ ತಲೆ ತಗ್ಗಿಸಿದ. ರೇಣವ್ವ ಹಲ್ಲು ಕಚ್ಚಿದಳು.

*

ಎಪ್ಪತ್ತೆಂಟನೇ ಇಸವಿಯಲ್ಲಿ, ಬೀರಪ್ಪನ ಗುಡಿಯ ಮುಂದೆ, ಹಾಡಿನ ನಡುವೆಯೇ ಅಮಸಿದ್ದಪ್ಪನ ದನಿ ಒಡೆದುಹೋಗಿತ್ತು. ಜನ ಅರಿಯುವುದರೊಳಗೆ ಹಿಂದಿನಿಂದ ಮಲಕಪ್ಪ ಸಾಲು ಎತ್ತಿಕೊಂಡಿದ್ದ. ಅಪ್ಪ ಕೈ ಎತ್ತಿ ಬಾಯಾಡಿಸುತ್ತಲೇ ಇದ್ದ. ದನಿ ಒಂದೇ ಥರ, ಡೊಳ್ಳು ಬಾರಿಸುತ್ತಿದ್ದ ಹನಮಂತಪ್ಪನ ಹೊರತು ಯಾರಿಗೂ ತಿಳಿಯಲಿಲ್ಲ. ಮುಂದೆ ಅದೇ ರೂಢಿಯಾಯಿತು.

“ಎಷ್ಟ ದಿನಾ ಅವರ ಬೆನ್ನಿಗೆ ಹಾಡ್ತಿ? ಒಮ್ಮೆರ ಮುಂದ ಬಂದು ನಿಂದ್ರು,” ಎಂದು ರೇಣವ್ವ ಜಗಳ ತೆಗೆದಿದ್ದಳು.

ಕುರಿಯ ಕಾಲಿನ ಮುಳ್ಳು ಕೀಳುತ್ತ ಮಲಕಪ್ಪ, “ನಾ ಮುಂದ ಬಂದ್ರ ಅಪ್ಪ ಎಲ್ಲಿ ನಿಂದರಬೇಕ?” ಎಂದಿದ್ದ. ಕುರಿಯನ್ನು ಬಿಟ್ಟ ಮೇಲೆ ಮೆಲ್ಲಗೆ, “ಮನಿಯಾಗರ ಅಪ್ಪ ಒಮ್ಮೆ ‘ಛಲೋ ಹಾಡಿದಿ’ ಅಂದಿದ್ರ ಸಾಕಿತ್ತು,” ಎಂದಿದ್ದ.

*

“ಹಾಡ್ರಿ ಯಜ್ಜಾ!” ಅಂಗಳದ ತುಂಬ ಅದೇ ಮಾತು.

“ಬಿಡ್ರೋ, ಮಗನ್ನ ಕಳಕೊಂಡಾನ,” ಎಂದ ಹನಮಂತಪ್ಪ.

“ಯಾಕ ಬಿಡಬೇಕು?” ರೇಣವ್ವ ಎದ್ದು ನಿಂತಳು. “ಹಾಡ್ರಿ ಮಾವಾರ. ನಿಮ್ಮ ಮಗ ಕುಂತಾನ, ಕೇಳಲಿ.”

ಮುದುಕ ಸೊಸೆಯ ಕಡೆ ನೋಡಿದ. ಅವನ ಕಣ್ಣುಗಳು ಬೇಡುತ್ತಿದ್ದವು. ಅವಳು ಕಣ್ಣು ಕೀಳಲಿಲ್ಲ. ಹನಮಂತಪ್ಪ ಡೊಳ್ಳಿಗೆ ಒಂದು ಪೆಟ್ಟು ಹಾಕಿದ. ಅಮಸಿದ್ದಪ್ಪ ಎದ್ದು ಕೈ ಎತ್ತಿ ಬಾಯಿ ತೆರೆದ. ಗೊರಗೊರ ಉಸಿರಷ್ಟೇ ಹೊರಟಿತು. ಮತ್ತೊಮ್ಮೆ ತೆರೆದ. ಹಿಂದಿನಿಂದ ಯಾರೂ ಸಾಲು ಎತ್ತಿಕೊಳ್ಳಲಿಲ್ಲ.

“ಪಾಪ, ದುಃಖಕ್ಕ ಗಂಟಲ ಕಟ್ಟೇತಿ,” ಎಂದರು ಯಾರೋ.

ಅಷ್ಟು ಸಾಕಿತ್ತು. ಆ ಮಾತನ್ನೇ ಹಿಡಿದು ಮುದುಕ ಕೂತುಬಿಡಬಹುದಿತ್ತು. ರೇಣವ್ವ ಉಸಿರು ಬಿಗಿಹಿಡಿದು ನಿಂತಳು.

ಅವನು ಕೂಡಲಿಲ್ಲ. ತಡವರಿಸುತ್ತ ಹೆಣದ ಬಳಿ ಬಂದು ಮೊಣಕಾಲೂರಿದ. ಮಗನ ಗಂಟಲ ಮೇಲೆ ಅಂಗೈ ಇಟ್ಟ.

“ಮಹಾಕೂಟದಾಗ ನೀವು ಕೇಳಿದ್ದು ಇದನ್ನ,” ಎಂದ. “ಏಸೋ ವರ್ಷದಿಂದ ಇದನ್ನ.”

ಹನಮಂತಪ್ಪ ಡೊಳ್ಳು ಇಳಿಸಿ ಮಲಕಪ್ಪನ ಮುಂದೆ ಇಟ್ಟ. ಬೆಳಗಿನಿಂದ ಅಳದಿದ್ದ ರೇಣವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಹೆಣ ಎತ್ತುವವರು ಬಂದು ಬಾಗಿ ನಿಂತರೂ, ಆ ತಣ್ಣಗಿನ ಗಂಟಲ ಮೇಲಿದ್ದ ಮುದುಕನ ಕೈ ಕದಲಲಿಲ್ಲ.